ಕೋಟೆಗೆ ನೂರು ಮೀಟರ್ ಗಡಿ, ಕೋಟೆಯ ನೀರಿಗೆ ಯಾವ ಗಡಿ?

ಕಲಬುರಗಿಯಲ್ಲಿ 2024ರ ಸೆಪ್ಟೆಂಬರ್ 17ರಂದು ಸೇರಿದ್ದ ಸಚಿವ ಸಂಪುಟ, ಬೀದರ್ ಮತ್ತು ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆಗಳನ್ನಾಗಿ ಮೇಲ್ದರ್ಜೆಗೇರಿಸಲು ತೀರ್ಮಾನಿಸಿತು. ಅಂದಿನಿಂದ ಬೀದರ್ ಜನರ ಬಾಯಲ್ಲಿ ಮೂರು ಸುದ್ದಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಸುತ್ತಲಿನ ಹಳ್ಳಿಗಳು ಪಾಲಿಕೆಗೆ ಸೇರುತ್ತವಂತೆ, ಸ್ಮಾರಕಗಳ ಸುತ್ತ ಮನೆ ಕಟ್ಟಲು ಇರುವ ನೂರು ಮೀಟರ್ ನಿರ್ಬಂಧ ಸಡಿಲವಾಗುತ್ತದಂತೆ, ಬಹಮನಿ ಸ್ಮಾರಕಗಳಿಗೆ ಯುನೆಸ್ಕೊ ಮಾನ್ಯತೆ ಸಿಗುತ್ತದಂತೆ. ಮನೆಯ ಮೇಲೊಂದು ಮಹಡಿ ಎತ್ತಬೇಕೆಂದಿರುವವರಿಗೂ, ಹೊಲ ಲೇಔಟ್ ಮಾಡಬೇಕೆಂದಿರುವವರಿಗೂ, ಪ್ರವಾಸಿಗರನ್ನು ನಂಬಿದ ಅಂಗಡಿಯವರಿಗೂ ಯಾವುದು ಆದದ್ದು, ಯಾವುದು ಆಗಬೇಕಾದದ್ದು ಎಂಬುದು ಸ್ಪಷ್ಟವಿಲ್ಲ.

ಈ ಮೂರೂ ಸುದ್ದಿ ಬಂದು ಮುಟ್ಟುವುದು ಒಂದೇ ನೆಲವನ್ನು, ಊರನ್ನು ಹೊತ್ತಿರುವ ಕೆಂಪು ಕಲ್ಲಿನ ಪ್ರಸ್ಥಭೂಮಿಯನ್ನು. ಆ ನೆಲದ ಮೇಲಿರುವ ಗುಮ್ಮಟಗಳಿಗೆ ಕಾನೂನಿದೆ. ಅದರೊಳಗೆ ಕರೇಜ್ ಎಂಬ ಹಳೆಯ ಸುರಂಗಗಳಲ್ಲಿ ಹರಿಯುವ ನೀರಿಗೆ ಯಾವ ಇಲಾಖೆಯ ಕಡತದಲ್ಲೂ ಪೂರ್ತಿ ಜಾಗವಿಲ್ಲ. ಗೊಂದಲದ ಮೂಲ ಇಲ್ಲಿದೆ.

ಯಾವುದು ತೀರ್ಮಾನ, ಯಾವುದು ಇನ್ನೂ ಪ್ರಸ್ತಾಪ

ನೂರು ಮೀಟರ್ ನಿಯಮ ಬಂದದ್ದು 1958ರ ಕೇಂದ್ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ (ಎಎಸ್‌ಐ) ರಕ್ಷಿಸುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸಾರ್ವಜನಿಕ ಕಾಮಗಾರಿಗಳಿಗೆ ಈ ನಿಷೇಧದಿಂದ ವಿನಾಯಿತಿ ನೀಡುವ ಮಸೂದೆಗೆ 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿಗೆ ಕೊಟ್ಟಿತು. ರಾಜ್ಯಸಭೆ ಅದನ್ನು ಸೆಲೆಕ್ಟ್ ಕಮಿಟಿಗೆ ಕಳಿಸಿತು, ಮಸೂದೆ ಕಾನೂನಾಗಲಿಲ್ಲ. ಚಿಕ್ಕ ಸ್ಮಾರಕಕ್ಕೂ ದೊಡ್ಡ ಸ್ಮಾರಕಕ್ಕೂ ಒಂದೇ ಅಳತೆ ಹಾಕುವುದರಿಂದ ಜನರಿಗೆ ತೊಂದರೆಯಾಗುತ್ತಿದೆ ಎಂದು ಸಂಸದೀಯ ಸಮಿತಿಯೂ 2023ರಲ್ಲಿ ಹೇಳಿತು. ಅದು ಸಮಿತಿಯ ಮಾತು, ಕಾಯ್ದೆಯಲ್ಲ. ಸಂಸತ್ತು ತಿದ್ದುವವರೆಗೆ ನೂರು ಮೀಟರ್ ಎಂದರೆ ನೂರು ಮೀಟರೇ.

ಯುನೆಸ್ಕೊ ವಿಷಯವೂ ಹೀಗೆಯೇ. ಕಲಬುರಗಿ, ಬೀದರ್, ವಿಜಯಪುರ ಮತ್ತು ಹೈದರಾಬಾದಿನ ಸ್ಮಾರಕಗಳು, ಕೋಟೆಗಳು ಸೇರಿ 2014ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹೋದವು. ಅಂತಿಮ ಪಟ್ಟಿಗೆ ಒಂದು ದೇಶ ವರ್ಷಕ್ಕೆ ಒಂದೇ ಕಡತ ಕಳಿಸಬಹುದು, ಆದ್ದರಿಂದ ದೇಶದ ಹತ್ತಾರು ತಾಣಗಳ ಜೊತೆ ಸರದಿಯಲ್ಲಿ ನಿಲ್ಲಬೇಕು. ಸರದಿ ಬಂದಾಗ ಕೇಳುವುದು ಗುಮ್ಮಟಗಳ ಚೆಂದವೊಂದನ್ನೇ ಅಲ್ಲ. ಸುತ್ತಲಿನ ರಕ್ಷಣಾ ವಲಯ ಎಲ್ಲಿದೆ, ನಿರ್ವಹಣಾ ಯೋಜನೆ ಯಾವುದು, ಅದರಲ್ಲಿ ಸ್ಥಳೀಯರ ಪಾಲೇನು ಎಂದೂ ಕೇಳುತ್ತಾರೆ. ಚಾರಿತ್ರಿಕ ನಗರಗಳನ್ನು ನೆಲ, ನೀರು, ಜನಜೀವನದ ಸಮೇತ ನೋಡಬೇಕೆಂದು ಯುನೆಸ್ಕೊ 2011ರಲ್ಲೇ ಶಿಫಾರಸು ಮಾಡಿದೆ.

ಉಳಿದದ್ದು ಪಾಲಿಕೆ. ಇದು ಮಾತ್ರ ಸರ್ಕಾರದ ತೀರ್ಮಾನ. ಇದರ ಪರಿಣಾಮವೇ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಗಡಿ ಹಿಗ್ಗಿದಾಗ ಭೂಬಳಕೆಯ ನಕ್ಷೆಯನ್ನು ಮತ್ತೆ ಬರೆಯಬೇಕಾಗುತ್ತದೆ.

ಈ ಊರು ಇಲ್ಲೇ ಏಕೆ ಹುಟ್ಟಿತು

ಬಹಮನಿ ಸುಲ್ತಾನ ಒಂದನೇ ಅಹಮದ್ ಶಾಹ 15ನೇ ಶತಮಾನದ ಮೊದಲಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಎತ್ತರದ ನೆಲ, ಉತ್ತರಕ್ಕೆ ಮಾಂಜ್ರಾ ನದಿಯ ಕಣಿವೆ, ಕಾವಲಿಗೆ ಅನುಕೂಲ. ಆದರೆ ಬೆಟ್ಟದ ಮೇಲೆ ಕೋಟೆ ಕಟ್ಟುವವನಿಗೆ ಮೊದಲ ಚಿಂತೆ ನೀರಿನದು. ಆ ಚಿಂತೆಗೆ ಉತ್ತರ ಕೊಟ್ಟದ್ದು ಬೀದರ್‌ನ ಕಲ್ಲು.

ಮೇಲ್ಪದರ ಜಂಬಿಟ್ಟಿಗೆ, ಇಲ್ಲಿಯವರ ಮಾತಿನಲ್ಲಿ ಕೆಂಪು ಕಲ್ಲು. ಮೈತುಂಬ ರಂಧ್ರಗಳಿರುವ ಇದು ಸ್ಪಂಜಿನಂತೆ ಮಳೆನೀರನ್ನು ಹೀರುತ್ತದೆ. ಅದರಡಿ ಜಿಗುಟಾದ ಜೇಡಿಮಣ್ಣಿನ ಪದರ, ಅದಕ್ಕೂ ಕೆಳಗೆ ದಖನ್ನಿನ ಕಪ್ಪು ಕಲ್ಲು. ಇಳಿದ ನೀರು ಜೇಡಿಪದರ ತಲುಪಿದಾಗ ಮುಂದೆ ಇಳಿಯಲಾರದೆ ಅಡ್ಡಲಾಗಿ ಸರಿಯುತ್ತದೆ. ಪ್ರಸ್ಥಭೂಮಿಯ ಅಂಚು ಕಡಿದುಹೋದಲ್ಲಿ ಒಸರಾಗಿ ಹೊರಬರುತ್ತದೆ. ಗುರುನಾನಕ್ ಝೀರಾದ ಚಿಲುಮೆ, ಪಾಪನಾಶದ ಒಸರು, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವ ನರಸಿಂಹ ಝರಣಿಯ ಗುಹೆ, ಇವೆಲ್ಲ ಇದೇ ಪ್ರಸ್ಥಭೂಮಿಯ ನೀರು. ಸಿಖ್ಖರ, ಶೈವರ, ವೈಷ್ಣವರ ಪುಣ್ಯಸ್ಥಳಗಳು ಒಂದೇ ಕಲ್ಲಿನ ಒರತೆಯನ್ನು ಹಂಚಿಕೊಂಡಿವೆ ಎಂಬುದನ್ನು ಬೀದರ್ ಕುರಿತ ಯಾವ ಯೋಜನೆಯೂ ಮರೆಯಬಾರದು.

ಬಹಮನಿಗಳ ಕಾಲದ ಕುಶಲಕರ್ಮಿಗಳು ಈ ಒಸರನ್ನೇ ಬೇಕಾದ ಕಡೆಗೆ ತಿರುಗಿಸಿದರು. ಇರಾನಿನಲ್ಲಿ ರೂಢಿಯಲ್ಲಿದ್ದ ಕರೇಜ್ ವಿದ್ಯೆಯನ್ನು ತಂದು, ಕೆಂಪು ಕಲ್ಲಿನೊಳಗೆ ಸುರಂಗ ಕೊರೆದರು. ನೀರು ಸಿಗುವ ಜಾಗದಲ್ಲಿ ತಾಯಿಬಾವಿ. ಅಲ್ಲಿಂದ ಅತಿ ಕಡಿಮೆ ಇಳಿಜಾರಿನಲ್ಲಿ ಸಾಗುವ ಸುರಂಗ. ಅದರ ಉದ್ದಕ್ಕೂ ಮೇಲಿನಿಂದ ಇಳಿಸಿದ ಕಿಂಡಿಬಾವಿಗಳು. ತೋಡುವಾಗ ಈ ಕಿಂಡಿಗಳಿಂದ ಮಣ್ಣು ಮೇಲಕ್ಕೆ ಬರುತ್ತಿತ್ತು, ಗಾಳಿ ಬೆಳಕು ಒಳಗೆ ಹೋಗುತ್ತಿತ್ತು. ಮುಂದೆ ಜನ ನೀರು ಸೇದಿದ್ದೂ ಅವುಗಳಿಂದಲೇ. ಸುರಂಗದಲ್ಲಿ ನೀರು ಸಾಗಲು ಪಂಪಿಲ್ಲ, ರಾಟೆಯಿಲ್ಲ. ನೀರು ನೆಲದಡಿಯಲ್ಲೇ ಹರಿಯುವುದರಿಂದ ಬಿಸಿಲಿಗೆ ಆವಿಯಾಗುವ ನಷ್ಟವೂ ಕಡಿಮೆ. ಬೀದರ್‌ನ ನೌಬಾದ್ ಕರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಇಪ್ಪತ್ತರಷ್ಟು ಕಿಂಡಿಬಾವಿಗಳನ್ನು ಹೊಂದಿದೆ. ಶುಕ್ಲತೀರ್ಥ ಮತ್ತು ಜಮ್ನಾ ಮೋರಿ ಇಲ್ಲಿಯ ಇನ್ನೆರಡು ಕರೇಜ್‌ಗಳು.

ಹತ್ತು ವರ್ಷಗಳ ಹಿಂದಿನ ಬರದ ದಿನಗಳಲ್ಲಿ, ಅಂದಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಅವರ ಅವಧಿಯಲ್ಲಿ, ಊರಿನ ಸ್ವಯಂಸೇವಕರು ಮತ್ತು ಸಂಶೋಧಕರ ನೆರವಿನಿಂದ ನೌಬಾದ್ ಕರೇಜಿನ ಹೂಳು ತೆಗೆಯುವ ಕೆಲಸ ನಡೆಯಿತು. ಹೂಳು ಸರಿದಾಗ ಒಳಗೆ ನೀರು ಕಂಡಿತು. ಕರೇಜ್ ಸತ್ತಿರಲಿಲ್ಲ, ಕಟ್ಟಿಕೊಂಡಿತ್ತು. ಅಂದು ಹೂಳೆತ್ತಲು ಆಡಳಿತ, ಹಣ, ಜನ ಎಲ್ಲವೂ ಸೇರಿದ್ದವು. ಎತ್ತಿದ ಮೇಲೆ ವರ್ಷವರ್ಷ ಕಾಯುವ ಹೊಣೆ ಯಾರದೆಂಬುದನ್ನು ಕಾಯಂ ಮಾಡುವ ಏರ್ಪಾಡು ಮಾತ್ರ ಬೆಳೆಯಲಿಲ್ಲ.

ವೃತ್ತ ಎಳೆದರೆ ಗೆರೆ ಉಳಿಯುವುದಿಲ್ಲ

ಸ್ಮಾರಕ ಕಾಯ್ದೆಯ ರಕ್ಷಣೆ ಒಂದು ಕಟ್ಟಡದ ಸುತ್ತ ಎಳೆದ ವೃತ್ತ. ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು, ಬರೀದ್‌ಶಾಹಿ ಗೋರಿಗಳಿಗೆ ಈ ಕ್ರಮ ತಕ್ಕಮಟ್ಟಿಗೆ ಹೊಂದುತ್ತದೆ. ಕರೇಜ್ ಹಾಗಲ್ಲ, ಅದು ಉದ್ದಕ್ಕೆ ಸಾಗುವ ಗೆರೆ. ಒಂದು ಕಿಂಡಿಬಾವಿಯನ್ನು ಸಂರಕ್ಷಿತವೆಂದು ಘೋಷಿಸಿ ಸುತ್ತ 100 ಮೀಟರ್ ಅಳೆದರೆ ಆ ಬಾಯಿ ಉಳಿಯುತ್ತದೆ. ಆ ಬಾಯಿಗೆ ನೀರು ಬರುವ ಸುರಂಗ ಒಂದು ಕಿಲೋಮೀಟರ್ ಆಚೆ ರಸ್ತೆಯ ಅಡಿಪಾಯಕ್ಕೆ ಕುಸಿದರೆ ಅಥವಾ ಮಳೆ ಇಂಗುವ ಬಯಲೆಲ್ಲ ಸಿಮೆಂಟಾದರೆ, ಉಳಿಯುವುದು ಒಣ ಗುಂಡಿ.

ನೀರಿನ ಕಡೆಯ ಕಾನೂನುಗಳಲ್ಲೂ ಇದೇ ಕೊರತೆ. ಕೆರೆಗಳಿಗೆ 2014ರ ಕೆರೆ ಸಂರಕ್ಷಣಾ ಪ್ರಾಧಿಕಾರ ಕಾಯ್ದೆಯಿದೆ, ಕರೇಜ್ ಕೆರೆಯಲ್ಲ. ಕೊಳವೆಬಾವಿಗೆ 2011ರ ಅಂತರ್ಜಲ ಕಾಯ್ದೆಯಿದೆ, ಅದು ನೋಡುವುದು ಅಧಿಸೂಚಿತ ಪ್ರದೇಶದಲ್ಲಿ ನೀರೆತ್ತುವ ಅನುಮತಿಯನ್ನು, ಐದುನೂರು ವರ್ಷ ಹಳೆಯ ಸುರಂಗವನ್ನಲ್ಲ. ಕಂದಾಯ ದಾಖಲೆಯಲ್ಲಿ ಕಿಂಡಿಬಾವಿಗಳು ಒಂದೊಂದು ಸರ್ವೆ ನಂಬರಿನಲ್ಲಿ ಚದುರಿರುತ್ತವೆ, ಎಷ್ಟೋ ಕಡೆ ಖಾಸಗಿ ಹೊಲದೊಳಗೆ. ಹೊಲದವನ ಪಾಲಿಗೆ ಅದು ದನ ಬೀಳುವ ಹಾಳು ಗುಂಡಿ, ಮುಚ್ಚಿದರೆ ಒಂದಿಷ್ಟು ಜಾಗ ಲಾಭ. ಅವನನ್ನು ಬೈದು ಪ್ರಯೋಜನವಿಲ್ಲ. ಅದು ಉಳಿದರೆ ಅವನಿಗೇನು ಸಿಗುತ್ತದೆ ಎಂದು ಯಾರೂ ಹೇಳಿಲ್ಲ.

ನೀರು ನಿಲ್ಲುವ ನಾಲ್ಕು ಬಗೆ

ಹೆಚ್ಚು ಅಪಾಯಕಾರಿ ಕೊಳವೆಬಾವಿ, ಅದೂ ಒಂದಲ್ಲ ಎರಡು ರೀತಿಯಲ್ಲಿ. ಜಂಬಿಟ್ಟಿಗೆಯೊಳಗಿನ ನೀರನ್ನೇ ಎತ್ತಿದರೆ ನೀರಿನ ಮಟ್ಟ ಸುರಂಗದ ತಳಕ್ಕಿಂತ ಕೆಳಗಿಳಿಯುತ್ತದೆ, ಒಸರು ನಿಲ್ಲುತ್ತದೆ. ಇದಕ್ಕಾದರೂ ಪರಿಹಾರವಿದೆ, ಪಂಪು ನಿಲ್ಲಿಸಿದರೆ ನಾಲ್ಕಾರು ಮಳೆಗಾಲದಲ್ಲಿ ಮಟ್ಟ ಏರಬಹುದು. ಜೇಡಿಪದರ ತೂರಿ ಕಪ್ಪು ಕಲ್ಲಿಗಿಳಿದ ಕೊಳವೆ ಹಾಗಲ್ಲ. ಕೇಸಿಂಗ್ ಪೈಪು ಜೇಡಿಪದರದ ಕೆಳಗಿನವರೆಗೆ ಇಳಿಯದಿದ್ದರೆ, ಪೈಪಿನ ಹೊರಸುತ್ತನ್ನು ಸಿಮೆಂಟು ಗಾರೆಯಿಂದ ಮುಚ್ಚದಿದ್ದರೆ, ಮೇಲಿನ ನೀರು ಅದರ ಮೂಲಕ ಹಗಲಿರುಳು ಕೆಳಗೆ ಸೋರುತ್ತಲೇ ಇರುತ್ತದೆ. ನೀರು ಬೀಳಲಿಲ್ಲವೆಂದು ಬಿಟ್ಟುಹೋದ ಕೊಳವೆಯೂ ಸೋರುತ್ತದೆ. ಆದ್ದರಿಂದ ಹೊಸ ಕೊಳವೆಬಾವಿ ತಡೆಯುವುದರಷ್ಟೇ ಮುಖ್ಯ ಹಳೆಯ ವಿಫಲ ಕೊಳವೆಗಳಿಗೆ ಜೇಡಿಮಣ್ಣಿನ ಮಟ್ಟದಲ್ಲಿ ಬಿಗಿಯಾದ ಬಿರಡೆ ಹಾಕುವುದು. ಬಾಯಿಗೆ ಕಲ್ಲು ಮುಚ್ಚಿದರೆ ಮಕ್ಕಳು ಬೀಳುವುದು ತಪ್ಪುತ್ತದೆ, ನೀರು ಸೋರುವುದು ತಪ್ಪುವುದಿಲ್ಲ.

ಕೊಳಚೆಯದು ಎರಡನೆಯ ಸರದಿ. ಜಂಬಿಟ್ಟಿಗೆ ಮಳೆನೀರನ್ನು ಎಷ್ಟು ಬೇಗ ಹೀರುತ್ತದೋ ಇಂಗುಗುಂಡಿಯ ಹೊಲಸನ್ನೂ ಅಷ್ಟೇ ಬೇಗ ಹೀರುತ್ತದೆ. ಶೌಚದ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು ಎಂಬ ಮಾನದಂಡ ಸಾಮಾನ್ಯ ಮಣ್ಣನ್ನು ನೆನೆದು ಮಾಡಿದ್ದು. ಬಿರುಕು, ರಂಧ್ರಗಳ ಈ ಕಲ್ಲಿನಲ್ಲಿ ಅದು ಸಾಲದು. ಕರೇಜ್ ಮೇಲ್ಗಡೆಯ ಬಡಾವಣೆಗೆ ಒಳಚರಂಡಿ ಮೊದಲು, ಮನೆ ಆಮೇಲೆ. ಈ ಕ್ರಮ ತಿರುವುಮುರುವಾದರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಮೂರನೆಯದು ಕಿಂಡಿಗಳಿಗೆ ತುಂಬುವ ಕಟ್ಟಡದ ಅವಶೇಷ ಮತ್ತು ಕಸ, ಕಣ್ಣಿಗೆ ಕಾಣುವಂಥದ್ದು, ಹೆಚ್ಚು ಹೇಳಬೇಕಿಲ್ಲ.

ನಾಲ್ಕನೆಯದು ಇಂಗುವ ಬಯಲು ಮುಚ್ಚಿಹೋಗುವುದು. ಇಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ವರ್ಷಕ್ಕೆ 850 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಒಂದು ಎಕರೆಯ ಮೇಲೆ ಸುಮಾರು 34 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಇಂಗಿದರೂ 3.4 ಲಕ್ಷ ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರ ಮಾನದಂಡದಲ್ಲಿ ಇದು ಏಳು ಜನರ ಇಡೀ ವರ್ಷದ ನೀರು. ಎಕರೆ ಪೂರ್ತಿ ಸಿಮೆಂಟಾದರೆ ಇಷ್ಟೂ ಹೋಗುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖ ಲೇಔಟ್‌ನವರಿಗೆ ಅನುಕೂಲವಾಗಿದೆ. ಸಾವಿರ ಚದರಡಿಯ ಒಂದು ಮಾಳಿಗೆಯ ಮೇಲೆ ಬೀಳುವ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಹಿಡಿದರೂ ವರ್ಷಕ್ಕೆ 63 ಸಾವಿರ ಲೀಟರ್. ಎಕರೆಗೆ ಇಂಥ ಆರು ಮನೆಗಳು ಮಾಳಿಗೆಯ ನೀರನ್ನು ನೆಲಕ್ಕೆ ಬಿಟ್ಟರೆ, ಬಯಲು ಇಂಗಿಸುತ್ತಿದ್ದಷ್ಟು ನೀರು ವಾಪಸ್ಸು ಬಂತು. ಅಂದರೆ ಮನೆಯೂ ಕರೇಜೂ ಒಟ್ಟಿಗೆ ಬಾಳಬಹುದು. ಆದರೆ ಶರತ್ತುಗಳಿವೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ಇಂಗುಗುಂಡಿಯ ತಳದಲ್ಲಿ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ, ಮೇಲೆ ದಪ್ಪ ಮರಳು ಇರಬೇಕು, ಮರಳನ್ನು ಪ್ರತಿ ಬೇಸಿಗೆಯಲ್ಲಿ ತೆಗೆದು ತೊಳೆಯಬೇಕು. ಗುಂಡಿ ಕೆಂಪು ಕಲ್ಲಿನಲ್ಲೇ ನಿಲ್ಲಬೇಕು, ಜೇಡಿಪದರ ಮುಟ್ಟಬಾರದು. ಮಾಳಿಗೆಯ ಪೈಪನ್ನು ನೇರವಾಗಿ ಕಿಂಡಿಬಾವಿಗೆ ಬಿಡುವುದಂತೂ ಕೂಡದು.

ಯಾರ ವಾದ ಏನು

ಸ್ಮಾರಕ ಇಲಾಖೆಯ ನಿಲುವು ಸರಳ: ಜನ ಹತ್ತಿರ ಬಂದಷ್ಟೂ ಅಪಾಯ. ಇದಕ್ಕೆ ಕಾರಣವೂ ಇದೆ. ಕಲಬುರಗಿ ಕೋಟೆಯೊಳಗೆ ತಲೆಮಾರುಗಳಿಂದ ಕುಟುಂಬಗಳು ವಾಸವಿದ್ದು, ತೆರವು ಮತ್ತು ಪುನರ್ವಸತಿಯ ವಿವಾದ ನ್ಯಾಯಾಲಯದವರೆಗೆ ಹೋಗಿದೆ. ವರ್ಷಗಳು ಸರಿದರೂ ಕೋಟೆಗೂ ನೆಮ್ಮದಿಯಿಲ್ಲ, ಕುಟುಂಬಗಳಿಗೂ ಇಲ್ಲ. ಅದನ್ನು ಕಂಡವರು ಮೊದಲೇ ಬೇಲಿ ಹಾಕಬೇಕೆನ್ನುತ್ತಾರೆ. ಬೇಲಿಯಿಂದಾಗುವ ನಷ್ಟವನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಲಿ ಬಿದ್ದ ಮೇಲೆ ಅಕ್ಕಪಕ್ಕದವರಿಗೆ ಆ ಜಾಗ ಸರ್ಕಾರದ್ದಾಗುತ್ತದೆ, ಕಸ ಚೆಲ್ಲುವವರನ್ನು ಕೇಳುವವರು ಇಲ್ಲವಾಗುತ್ತಾರೆ.

ಪ್ರವಾಸೋದ್ಯಮದ ಕಡೆಯವರಿಗೆ ಬೇಕಾದದ್ದು ಉದ್ಯಾನ, ದೀಪ, ಟೈಲ್ಸ್ ಹಾಸಿದ ದಾರಿ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ನೀರು ಬೇಕು, ಆ ನೀರು ಬರುವುದು ಕೊಳವೆಬಾವಿಯಿಂದ. ಟೈಲ್ಸ್ ಅಡಿಯ ಕಾಂಕ್ರೀಟ್ ಮಳೆನೀರನ್ನು ಗೋಡೆಯ ಬುಡಕ್ಕೆ ಸರಿಸುತ್ತದೆ, ಗೋಡೆ ಒದ್ದೆಯಾಗಿ ಕಲ್ಲು ಪುಡಿಯಾಗುತ್ತದೆ. ಹಸಿರು ಎಂದೊಡನೆ ಗಿಡ ನೆಡುವುದೂ ಇಲ್ಲಿ ಪ್ರತಿಸಲ ಸರಿಯಲ್ಲ. ಬೀದರ್ ಸುತ್ತಲಿನ ಕೆಂಪು ಬಯಲು ಸಹಜವಾಗಿ ಹುಲ್ಲು ಮತ್ತು ಕುರುಚಲಿನ ನೆಲ, ಕೃಷ್ಣಮೃಗಗಳ ನೆಲ. ಬರಡು ಎಂದು ಕಂದಾಯ ಪುಸ್ತಕ ಕರೆಯುವ ಈ ಬಯಲೇ ಮಳೆ ಇಂಗುವ ಜಾಗವೂ ಹೌದು. ಅಲ್ಲಿ ನೀಲಗಿರಿ ತೋಪು ಎಬ್ಬಿಸುವುದಕ್ಕಿಂತ ಹುಲ್ಲನ್ನು ಹುಲ್ಲಾಗಿ ಬಿಡುವುದು ನೀರಿಗೂ ಜಿಂಕೆಗೂ ಕ್ಷೇಮ.

ಬಿದ್ರಿ ಕುಶಲಕರ್ಮಿಗಳ ಮಾತು ಈ ಚರ್ಚೆಯಲ್ಲಿ ಕೇಳಿಬರುವುದೇ ಕಡಿಮೆ, ಬರಬೇಕು. ಸತು ಹೆಚ್ಚು, ತಾಮ್ರ ಅಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೊನೆಯಲ್ಲಿ ಅದನ್ನು ಕಪ್ಪಾಗಿಸಲು ಕೋಟೆಯ ಹಳೆಯ ಭಾಗಗಳ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಬಿಸಿ ದ್ರಾವಣ ಬಳಸುತ್ತಾರೆ. ಬೆಳ್ಳಿ ಹೊಳಪು ಕಳೆದುಕೊಳ್ಳದೆ ಲೋಹ ಮಾತ್ರ ಕಡುಗಪ್ಪಾಗುತ್ತದೆ. ಮಳೆ, ಬಿಸಿಲು ತಾಗದ ಮೂಲೆಯ ಮಣ್ಣೇ ಬೇಕು. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಲೆಯ ಜೀವ ಇರುವುದು ಸಂರಕ್ಷಿತ ಸ್ಮಾರಕದ ಮಣ್ಣಿನಲ್ಲಿ. ಕೋಟೆಯನ್ನು ಬಿಗಿಯಾಗಿ ಮುಚ್ಚಿದರೆ ಕಲೆ ಸೊರಗುತ್ತದೆ, ಬೇಕಾಬಿಟ್ಟಿ ಅಗೆದರೆ ಕೋಟೆಯ ಪುರಾವೆ ನಾಶವಾಗುತ್ತದೆ. ಬೇರೆ ಕಾಮಗಾರಿಯಲ್ಲಿ ಹೊರಬೀಳುವ ಹಳೆಯ ಮಣ್ಣನ್ನು ಪುರಾತತ್ವದವರು ಪರಿಶೀಲಿಸಿ, ತೂಗಿ, ಕುಶಲಕರ್ಮಿಗಳ ಸಂಘಕ್ಕೆ ಹಂಚುವ ಲಿಖಿತ ಪದ್ಧತಿ ಬೇಕು. ದೊಡ್ಡ ಹಣದ ಕೆಲಸವಲ್ಲ ಇದು. ಮಾಡದಿರಲು ಯಾವ ನೆಪವೂ ಕಾಣುವುದಿಲ್ಲ.

ಸ್ಮಾರಕಗಳಿರುವ ಆಸ್ತಿ ಯಾರದೆಂಬ ಜಗಳವೂ ಈಚೆಗೆ ಸೇರಿಕೊಂಡಿದೆ. ನಿವಾಸಿಗಳು ತಿಳಿದಿರಬೇಕಾದದ್ದು ಇಷ್ಟೇ: ಒಡೆಯರು ಸರ್ಕಾರವಾಗಲಿ, ಖಾಸಗಿಯವರಾಗಲಿ, ಧಾರ್ಮಿಕ ಸಂಸ್ಥೆಯಾಗಲಿ, ಸ್ಮಾರಕ ಸಂರಕ್ಷಿತವೆಂದು ಘೋಷಣೆಯಾಗಿದ್ದರೆ ನಿಷೇಧಿತ ವಲಯದ ಅಳತೆ ಬದಲಾಗುವುದಿಲ್ಲ.

ನೂರು ಮೀಟರ್ ಒಳಗಿನವರು ಏನು ಮಾಡಬಹುದು

ದೂರ ಅಳೆಯುವುದು ಗುಮ್ಮಟದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಎಷ್ಟೋ ಅರ್ಜಿಗಳು ತಿರಸ್ಕಾರವಾಗುವುದು ಇಲ್ಲೇ. 100 ಮೀಟರ್ ಒಳಗೆ ಹೊಸ ಕಟ್ಟಡವಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯಾಗಿದ್ದರೆ ಅನುಮತಿ ಪಡೆದು ದುರಸ್ತಿ ಮಾಡಬಹುದು. ಆದ್ದರಿಂದ ಆ ದಿನಾಂಕಕ್ಕೂ ಹಿಂದಿನ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು, ಕ್ರಯಪತ್ರ ಜೋಪಾನವಾಗಿರಲಿ. ಆಚೆಗಿನ 200 ಮೀಟರ್‌ನಲ್ಲಿ ಹೊಸದಾಗಿ ಕಟ್ಟಬಹುದು, ಅನುಮತಿ ಬೇಕು. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇದಕ್ಕೆಂದು ನೇಮಿಸಿದ ಅಧಿಕಾರಿಗೆ. ಅವರು 15 ದಿನದಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಮಾಡಬೇಕು, ಅದಾದ ತಿಂಗಳೊಳಗೆ ಉತ್ತರ ಬರಬೇಕು. ನಿಷೇಧಿತ ವಲಯದಲ್ಲಿ ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಾಯ್ದೆಯಲ್ಲಿ ಒಂದು ಮುಖ್ಯ ಅವಕಾಶವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಚರಂಡಿ ಕಟ್ಟುವುದು ಮತ್ತು ಶುಚಿಗೊಳಿಸುವುದು, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು ಪೂರೈಸುವ ಕಾಮಗಾರಿ, ವಿದ್ಯುತ್ ವಿತರಣೆ ಇವು ಕಾಯ್ದೆಯ ವ್ಯಾಖ್ಯೆಯಲ್ಲಿ ‘ನಿರ್ಮಾಣ’ದೊಳಗೆ ಬರುವುದಿಲ್ಲ. ಸ್ಮಾರಕದ ಹತ್ತಿರವೆಂದು ಚರಂಡಿ ಮಾಡಲಾಗದು ಎಂಬ ಮಾತಿಗೆ ಹಾಗಾಗಿ ಆಧಾರವಿಲ್ಲ. ಅಗೆಯುವ ಮುನ್ನ ಎಎಸ್‌ಐಗೆ ಲಿಖಿತವಾಗಿ ತಿಳಿಸುವುದು ಮಾತ್ರ ಒಳ್ಳೆಯದು.

ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿ ರೂಪಿಸಬೇಕೆಂದೂ 2010ರ ತಿದ್ದುಪಡಿ ಹೇಳಿದೆ. ಯಾವ ಬೀದಿಯಲ್ಲಿ ಎಷ್ಟು ಎತ್ತರ, ಎಂಥ ಮುಂಭಾಗ, ಮಳೆನೀರು ಎಲ್ಲಿಗೆ ಎಂಬುದನ್ನು ಅದರಲ್ಲೇ ಬರೆಯಬಹುದು. ಎಲ್ಲೆಡೆಗೂ ಒಂದೇ ಅಳತೆ ಎಂಬ ದೂರಿಗೆ ನಿಜವಾದ ಪರಿಹಾರ ಇದೇ. ನಿರ್ಬಂಧವನ್ನೇ ಕಿತ್ತುಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಹೂಳು ತೆಗೆಯುವ ಕೆಲಸದಲ್ಲಿ ತಪ್ಪುವುದೆಲ್ಲಿ

ಕರೇಜ್ ಪುನಶ್ಚೇತನ ಎಂದು ಟೆಂಡರ್ ಕರೆದರೆ ಸಾಲದು. ಕೆರೆ ಹೂಳೆತ್ತುವ ಪದ್ಧತಿ ಇಲ್ಲಿ ಹಾನಿ ಮಾಡುತ್ತದೆ. ಕೆಲಸ ಸಂಕ್ರಾಂತಿಯ ನಂತರ ಶುರುವಾಗಿ ಮುಂಗಾರಿಗೆ ಮೊದಲು ಮುಗಿಯಬೇಕು. ನೀರು ಹೊರಬೀಳುವ ಕೆಳತುದಿಯಿಂದ ಆರಂಭಿಸಿ ತಾಯಿಬಾವಿಯ ಕಡೆಗೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಕೆಳಗಿನ ಹೂಳಿನ ಹಿಂದೆ ನೀರು ನಿಂತು, ಒಳಗಿರುವ ಕೆಲಸಗಾರರ ಮೇಲೆ ನುಗ್ಗುತ್ತದೆ. ಇಳಿಯುವ ಮುನ್ನ ಪ್ರತಿ ಕಿಂಡಿಯಲ್ಲೂ ಗಾಳಿಯ ಪರೀಕ್ಷೆ ಆಗಲೇಬೇಕು: ಆಮ್ಲಜನಕ ಎಷ್ಟಿದೆ, ವಿಷಾನಿಲ ಇದೆಯೇ. ಕೊಳಚೆ ಸೇರಿದ ಕಿಂಡಿಯಾದರೆ ಮೊದಲು ಕೊಳಚೆಯನ್ನು ಬೇರೆಡೆಗೆ ತಿರುಗಿಸಬೇಕು. ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಪರಂಪರೆಯ ಹೆಸರಿನಲ್ಲಿ ಅದನ್ನು ಮೀರುವ ಹಕ್ಕು ಯಾರಿಗೂ ಇಲ್ಲ.

ತಳವನ್ನು ಆಳ ಮಾಡಬಾರದು. ಗುತ್ತಿಗೆಯಲ್ಲಿ ಘನಮೀಟರ್ ಲೆಕ್ಕದಲ್ಲಿ ಹಣ ಕೊಟ್ಟರೆ ಇನ್ನಷ್ಟು ಅಗೆಯುವ ಆಸೆ ಸಹಜ. ಒಂದು ಕಡೆ ಒಂದು ಅಡಿ ತಗ್ಗಾದರೂ ಇಳಿಜಾರು ಮುರಿದು ನೀರು ಅಲ್ಲೇ ನಿಲ್ಲುತ್ತದೆ, ಜೇಡಿಪದರ ಒಡೆದರೆ ಕೆಳಕ್ಕೇ ಹೋಗುತ್ತದೆ. ಅಳತೆ ಉದ್ದದ ಮೀಟರ್ ಲೆಕ್ಕದಲ್ಲಿರಲಿ, ಮೂಲ ತಳ ಸಿಕ್ಕಿದೊಡನೆ ಗುದ್ದಲಿ ನಿಲ್ಲಲಿ. ಸುರಂಗದ ಗೋಡೆಗೆ ಸಿಮೆಂಟ್ ಬಳಿಯುವುದು ಇನ್ನೊಂದು ದೊಡ್ಡ ತಪ್ಪು, ಏಕೆಂದರೆ ನೀರು ಒಳಬರುವುದೇ ಆ ಗೋಡೆಯ ರಂಧ್ರಗಳಿಂದ. ಕುಸಿಯುವ ಕಡೆ ಮಾತ್ರ ಕೆಂಪು ಕಲ್ಲಿನ ಕಮಾನು ಕೊಟ್ಟು ಸುಣ್ಣದ ಗಾರೆ ಬಳಸಬೇಕು. ಸಿಮೆಂಟ್ ಗಾರೆ ತೇವವನ್ನು ಕಲ್ಲಿನೊಳಗೇ ಹಿಡಿಯುತ್ತದೆ, ಲವಣ ಕಟ್ಟಿ ಕಲ್ಲಿನ ಮೈ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಕೋಟೆಗೋಡೆಯ ದುರಸ್ತಿಗೂ ಈ ಮಾತು ಅನ್ವಯ.

ಎತ್ತಿದ ಹೂಳನ್ನು ಕಿಂಡಿಯ ಬಾಯಿಯ ಬಳಿ ರಾಶಿ ಹಾಕಿದರೆ ಮೊದಲ ಮಳೆಗೇ ಒಳಗೆ ಹೋಗುತ್ತದೆ. ಬಾಯಿಯ ಸುತ್ತ ಸೊಂಟದೆತ್ತರದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ, ಬೀಗದ ಕೈ ಹತ್ತಿರದ ಮನೆಯಲ್ಲಿ. ಪ್ರತಿ ತಿಂಗಳು ಒಂದೇ ದಿನ ಎಲ್ಲ ಕಿಂಡಿಗಳ ನೀರಿನ ಮಟ್ಟವನ್ನು ಹಗ್ಗದ ಗುರುತಿನಿಂದ ಅಳೆದು ಬರೆದಿಟ್ಟರೆ, ಎರಡು ಕಿಂಡಿಗಳ ನಡುವೆ ಎಲ್ಲಿ ಕಟ್ಟಿದೆ, ಎಲ್ಲಿ ಸೋರುತ್ತಿದೆ ಎಂಬುದು ವರ್ಷದೊಳಗೆ ತಿಳಿಯುತ್ತದೆ. ಶಾಲೆಯ ಮಕ್ಕಳೂ ಇದನ್ನು ದೊಡ್ಡವರ ಜೊತೆ ನಿಂತು ಮಾಡಬಲ್ಲರು.

ಪಾಲಿಕೆ ಬಂದರೆ ಏನು ಹೋಗುತ್ತದೆ, ಏನು ಬರುತ್ತದೆ

ಪಾಲಿಕೆಗೆ ಸೇರಿದ ಹಳ್ಳಿ ಗ್ರಾಮಸಭೆಯನ್ನು ಕಳೆದುಕೊಳ್ಳುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿಯೂ ಹೋಗುತ್ತದೆ, ಅದು ಹಳ್ಳಿಗಳಿಗೆ ಮಾತ್ರ ಇರುವಂಥದ್ದು. ಹೂಳು, ಕಟ್ಟೆ, ಕಾಲುವೆಯಂಥ ದುಡಿಮೆಗೆ ಅದೇ ದೊಡ್ಡ ಆಸರೆ. ಹಳ್ಳಿ ಸೇರುವ ಮೊದಲೇ ಆ ಭಾಗದ ಕಿಂಡಿಬಾವಿ ಮತ್ತು ಕಾಲುವೆಗಳ ಕೆಲಸವನ್ನು ಪಂಚಾಯಿತಿಯ ಕ್ರಿಯಾಯೋಜನೆಗೆ ಹಾಕಿಸಿ ಮುಗಿಸಿಕೊಳ್ಳುವುದು ಜಾಣತನ.

ಬರುವುದೂ ಇದೆ. 1976ರ ಪಾಲಿಕೆ ಕಾಯ್ದೆಯಲ್ಲಿ ವಾರ್ಡ್‌ಗೊಂದು ಸಮಿತಿಗೆ ಅವಕಾಶವಿದೆ. ಕಾರ್ಪೊರೇಟರ್ ಅಧ್ಯಕ್ಷರು, ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘಗಳ ಪ್ರತಿನಿಧಿಗಳು ಸದಸ್ಯರು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದೇ ಕಾಯ್ದೆಯ 37ನೇ ಕಲಮಿನಲ್ಲಿ, ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸುವ ಅಧಿಕಾರ ರಾಜ್ಯಕ್ಕಿದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಹಾಗೆ ಘೋಷಣೆಯಾಯಿತು. ಹುಲ್ಲುಗಾವಲು, ಒಸರು, ಹಳೆಯ ಗೋರಿ ಒಟ್ಟಿಗಿರುವ ಬೀದರ್‌ನ ಬಯಲಿಗೆ ಈ ದಾರಿ ಹೊಂದುತ್ತದೆ. ಹೊಸ ಸಮಿತಿ ಹುಟ್ಟುಹಾಕುವ ಬದಲು ವಾರ್ಡ್ ಸಮಿತಿ, ಜೀವವೈವಿಧ್ಯ ಸಮಿತಿ ಎರಡನ್ನೂ ಒಟ್ಟಿಗೆ ಕೂರಿಸಿ, ಸ್ಮಾರಕದ ಅಕ್ಕಪಕ್ಕದ ಮನೆಯವರು, ಬಿದ್ರಿ ಕುಶಲಕರ್ಮಿಗಳು, ಕಿಂಡಿಬಾವಿ ಇರುವ ಹೊಲದವರು, ದರ್ಗಾ, ಗುರುದ್ವಾರ, ದೇವಸ್ಥಾನಗಳ ಆಡಳಿತದವರನ್ನು ಸೇರಿಸಿಕೊಳ್ಳಬೇಕು. ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬರಬಹುದು. ಕಟ್ಟುವುದಕ್ಕೆ ಮಂಡಳಿ ಹಣ ಕೊಡುತ್ತದೆ, ಕಟ್ಟಿದ್ದನ್ನು ಕಾಯುವುದಕ್ಕೆ ಪಾಲಿಕೆಯ ಆಯವ್ಯಯದಲ್ಲಿ ಪ್ರತಿವರ್ಷ ಒಂದು ಸಾಲು ಬೇಕು. ಆ ಸಾಲಿಲ್ಲದ ಪುನಶ್ಚೇತನ ಮೂರು ಮಳೆಗಾಲ ಬಾಳುವುದಿಲ್ಲ.

ಕಿಂಡಿಬಾವಿ ಇರುವ ಹೊಲದವನಿಗೆ ಏನು ಕೊಡಬೇಕು ಎಂಬುದೇ ಕಠಿಣ ಪ್ರಶ್ನೆ. ಬಾಯಿಯ ಸುತ್ತಲಿನ ಒಂದೆರಡು ಗುಂಟೆ ಮತ್ತು ಸುರಂಗದ ಮೇಲಿನ ಪಟ್ಟಿಯನ್ನು ಕಟ್ಟಡರಹಿತವಾಗಿ ಬಿಟ್ಟರೆ, ಅಷ್ಟೇ ವಿಸ್ತೀರ್ಣದ ಅಭಿವೃದ್ಧಿ ಹಕ್ಕನ್ನು, ಅಂದರೆ ಕಟ್ಟಡ ಕಟ್ಟುವ ಹಕ್ಕನ್ನು, ಬೇರೆ ಜಾಗದಲ್ಲಿ ಬಳಸಲು ಬಿಡಬಹುದು. ಅಥವಾ ಲೇಔಟ್‌ಗೆ ಕಡ್ಡಾಯವಾದ ಉದ್ಯಾನದ ಪಾಲನ್ನು ಆ ಪಟ್ಟಿಯ ಮೇಲೇ ತೋರಿಸಲು ಒಪ್ಪಬಹುದು. ಎರಡನೆಯದು ಹೆಚ್ಚು ಸುಲಭ, ಏಕೆಂದರೆ ಉದ್ಯಾನದ ಜಾಗವನ್ನು ಹೇಗೂ ಬಿಡಲೇಬೇಕು, ಎಲ್ಲಿ ಬಿಡಬೇಕೆಂದು ಹೇಳಿದರಾಯಿತು. ಯಾದಗಿರಿ ಜಿಲ್ಲೆಯ ಶಹಾಪುರ ಬಳಿ ವಿಭೂತಿಹಳ್ಳಿಯ ಬೃಹತ್ ಶಿಲಾಯುಗದ ಕಲ್ಲುಸಾಲುಗಳಂಥ, ಬಯಲಲ್ಲಿ ಹರಡಿದ ಅವಶೇಷಗಳಿಗೂ ಇಂಥದೇ ಉಪಾಯ ಬೇಕಾಗುತ್ತದೆ.

ಇದೆಲ್ಲ ನಿರ್ಧಾರವಾಗುವ ಜಾಗ ಬೀದರ್ ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961 ಪಾರಂಪರಿಕ ಪ್ರದೇಶಗಳನ್ನು ನಕ್ಷೆಯಲ್ಲಿ ಗುರುತಿಸಲು ಅವಕಾಶ ಕೊಡುತ್ತದೆ, ಕರಡು ನಕ್ಷೆಗೆ ಸಾರ್ವಜನಿಕರ ಆಕ್ಷೇಪಣೆ ಕೇಳುವುದನ್ನು ಕಡ್ಡಾಯ ಮಾಡಿದೆ. ಕರಡು ಪ್ರಕಟವಾದ ದಿನ ಆಕ್ಷೇಪಣೆ ಬರೆಯಲು ಕೂತರೆ ತಡವಾಗುತ್ತದೆ. ಪ್ರತಿ ಕಿಂಡಿಬಾವಿಯ ಸರ್ವೆ ನಂಬರ್, ಜಿಪಿಎಸ್ ಗುರುತು, ಫೋಟೊ, ಈಗಿನ ನೀರಿನ ಮಟ್ಟ, ಜಮೀನಿನ ಪಹಣಿ ಪ್ರತಿ, ಸುರಂಗ ಸಾಗುವ ದಿಕ್ಕು, ಮೇಲ್ಗಡೆಯ ವಿಫಲ ಕೊಳವೆಬಾವಿಗಳ ಪಟ್ಟಿ, ಇಷ್ಟನ್ನು ವಾರ್ಡ್‌ವಾರು ಈಗಲೇ ಸಿದ್ಧಮಾಡಿ, ಪ್ರಾಧಿಕಾರ, ಜಿಲ್ಲಾಧಿಕಾರಿ ಕಚೇರಿ ಮತ್ತು ಎಎಸ್‌ಐಗೆ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಸ್ವೀಕೃತಿ ಇರುವ ದಾಖಲೆಯನ್ನು ಬಿಟ್ಟು ನಕ್ಷೆ ಮಾಡಿದರೆ, ಆ ಲೋಪವನ್ನು ನ್ಯಾಯಾಲಯದ ಮುಂದಿಡಲು ಜನರ ಕೈಯಲ್ಲಿ ಆಧಾರವಿರುತ್ತದೆ.